ದೊರೆ ಕೊಟ್ಟ ಅಕ್ಷರ, ಗೋದಾಮಿನಲ್ಲಿ ಸಿಕ್ಕ ಮಾತು

ಸಾಗರ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಬರೆದ ಪತ್ರದ ಸಾರ ಇಷ್ಟು: ಕೊರಿಯಾದ ಧಾರಾವಾಹಿ ನೋಡುವ ಅವರ ಮೊಮ್ಮಗಳು ಆ ಭಾಷೆಯ ಅಕ್ಷರಗಳನ್ನು ಒಂದೇ ಭಾನುವಾರದಲ್ಲಿ ಕಲಿತಳಂತೆ. ‘ಒಬ್ಬ ದೊರೆ ಮನಸ್ಸು ಮಾಡಿದ, ಜನರಿಗೆ ಲಿಪಿ ಬಂತು, ಭಾಷೆ ಉಳಿಯಿತು. ನಮಗೂ ಅಂಥವನೊಬ್ಬ ಬೇಕಿತ್ತಲ್ಲವೇ?’ ಎಂಬುದು ಅವರ ಪ್ರಶ್ನೆ. ಕೊನೆಯಲ್ಲಿ ಇನ್ನೊಂದು ಸಾಲು: ‘ತೋಟ, ಕೊಟ್ಟಿಗೆ, ಅಡುಗೆಮನೆಯ ಹಳೆಯ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಯಾರಿಗಾದರೂ ಉಪಯೋಗ ಉಂಟೆ?’

ಮೇಷ್ಟ್ರೇ, ನಮಸ್ಕಾರ.

ಮೊದಲು ನಿಮ್ಮ ಮೊಮ್ಮಗಳಿಗೆ ಶಹಬ್ಬಾಸ್ ಹೇಳಿ. ಕೊರಿಯಾದ ಸೆಜೋಂಗ್ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಜನರ ಮುಂದಿಟ್ಟ 28 ಅಕ್ಷರಗಳನ್ನು ವಿವರಿಸುವ ಗ್ರಂಥದ ಕೊನೆಗೆ ಒಂದು ಮಾತಿದೆ: ಜಾಣನಾದರೆ ಬೆಳಗು ಕಳೆಯುವುದರೊಳಗೆ ಕಲಿಯುತ್ತಾನೆ, ದಡ್ಡನಿಗೂ ಹತ್ತು ದಿನ ಸಾಕು. ಹಾಗೆ ಬರೆಯುವ ಧೈರ್ಯ ಆ ಗ್ರಂಥ ಬರೆದವರಿಗಿದ್ದದ್ದು ಆ ಲಿಪಿಯ ಕಟ್ಟಡದಿಂದ. ‘ಗ’ ಧ್ವನಿಯ ಅಕ್ಷರ, ಗಂಟಲ ಕಡೆ ಎದ್ದ ನಾಲಿಗೆಯ ಬುಡದ ಆಕಾರ. ‘ನ’ ಅಂದರೆ ಮೇಲಕ್ಕೆ ತಾಗಿದ ನಾಲಿಗೆಯ ತುದಿ. ‘ಮ’ ಒಂದು ಚೌಕ, ಅಂದರೆ ಬಾಯಿ. ಮೊದಲನೆಯದಕ್ಕೆ ಒಂದು ಗೆರೆ ಹೆಚ್ಚಿಗೆ ಎಳೆದರೆ ‘ಖ’. ಕವರ್ಗ, ತವರ್ಗ, ಪವರ್ಗ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ನಿಮಗೆ ಇದರ ಸೊಗಸು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಧ್ವನಿ ಬಾಯಿಯ ಯಾವ ಜಾಗದಲ್ಲಿ ಹುಟ್ಟುತ್ತದೆ ಎಂದು ನೋಡಿ ವಿಂಗಡಿಸುವ ಕ್ರಮ ಬೌದ್ಧ ಭಿಕ್ಷುಗಳ ಜೊತೆ ಭಾರತದಿಂದ ಚೀನಾಕ್ಕೆ ಹೋಗಿತ್ತು. ಚೀನಾದ ಆ ಶಾಸ್ತ್ರವನ್ನು ಸೆಜೋಂಗ್ ಆಳವಾಗಿ ಓದಿಕೊಂಡಿದ್ದ.

ಇಲ್ಲಿಯತನಕ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ‘ಜನರಿಗೆ ಲಿಪಿ ಬಂತು, ಭಾಷೆ ಉಳಿಯಿತು’ ಎಂದಿರಲ್ಲ, ಆ ಎರಡರ ನಡುವೆ ಐದು ಶತಮಾನಗಳಿವೆ. ಅದನ್ನು ದಾಟಿಸಿದ್ದು ದೊರೆಗಳಲ್ಲ.

1444ರಲ್ಲೇ ಚ್ವೆ ಮಾಲ್ಲಿ ಮುಂತಾದ ಆಸ್ಥಾನದ ವಿದ್ವಾಂಸರು ಅರ್ಜಿ ಬರೆದು ವಿರೋಧಿಸಿದರು. ಸ್ವಂತ ಲಿಪಿ ಇಟ್ಟುಕೊಳ್ಳುವುದು ಮಂಗೋಲರು, ಜಪಾನೀಯರಂಥವರ ರೀತಿ. ಚೀನೀ ಅಕ್ಷರ ಬಿಟ್ಟರೆ ನಾವೂ ಅವರ ಸಾಲಿಗೇ ಬೀಳುತ್ತೇವೆ ಎಂಬುದು ಅವರ ವಾದ. 1504ರಲ್ಲಿ ತನ್ನನ್ನು ಬೈದ ಬರಹಗಳು ಈ ಲಿಪಿಯಲ್ಲಿ ಕಾಣಿಸಿಕೊಂಡವೆಂದು ಯೊನ್ಸಾನ್ ಎಂಬ ಅರಸ ಅದನ್ನು ಕಲಿಸುವುದನ್ನೇ ನಿಷೇಧಿಸಿದ. ಅವನೂ ದೊರೆಯೇ, ಸೆಜೋಂಗನ ವಂಶದವನೇ. ಓದಿದ ಗಂಡಸರು ಇದನ್ನು ‘ಹೆಣ್ಣಕ್ಷರ’ ಎಂದು ಹಳಿದರು. ಆ ಬೈಗುಳದಲ್ಲೇ ನಿಜ ಇತ್ತು. ಮಗಳು ತವರಿಗೆ ಬರೆದ ಕಾಗದ, ಕೈಯಿಂದ ಕೈಗೆ ಹೋದ ಕತೆ, ಇವುಗಳಲ್ಲಿ ಲಿಪಿ ಉಸಿರಾಡಿತು. ಸರ್ಕಾರಿ ಕಾಗದಕ್ಕೆ ಅದು ಹತ್ತಿದ್ದು 1894ರಲ್ಲಿ. ‘ಹಂಗುಲ್’ ಎಂಬ ಹೆಸರು ಬಂದದ್ದು ಅದಕ್ಕೂ ಈಚೆಗೆ.

ಅಷ್ಟರಲ್ಲಿ, 1910ರಲ್ಲಿ, ದೇಶವೇ ಜಪಾನಿನ ಕೈ ಸೇರಿತು. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಆಮೇಲಿನ ಕತೆ. 1929ರಲ್ಲಿ ಕೆಲವರು ಸೇರಿ ಕೊರಿಯನ್ ನಿಘಂಟು ಮಾಡಲು ಹೊರಟರು. ಕಾಗುಣಿತವೇ ಒಂದು ಹದಕ್ಕೆ ಬಂದಿರಲಿಲ್ಲ. 1933ರಲ್ಲಿ ಅದನ್ನು ಗೊತ್ತುಮಾಡಿದರು. ಪದಗಳು ಎಲ್ಲಿಂದ ಬರಬೇಕು? ‘ಹಳ್ಳಿಮಾತು ಅಗೆಯೋಣ’ ಎಂದು ಕರೆ ಕೊಟ್ಟರು. ರಜೆಗೆ ಊರಿಗೆ ಹೋದ ವಿದ್ಯಾರ್ಥಿಗಳು ಅಜ್ಜಿಯರ ಬಾಯಿಂದ ಕೇಳಿ ಬರೆದುಕೊಂಡು ಬಂದರು. ಇತ್ತ ಶಾಲೆಗಳಲ್ಲಿ ಕೊರಿಯನ್ ಪಾಠ ಸಣ್ಣಗಾಗುತ್ತ ಹೋಯಿತು. 1940ರಲ್ಲಿ ಜನ ತಮ್ಮ ಹೆಸರನ್ನೇ ಜಪಾನಿ ಮಾಡಿಕೊಳ್ಳಬೇಕೆಂಬ ಒತ್ತಾಯ ಬಂತು, ದೊಡ್ಡ ಕೊರಿಯನ್ ಪತ್ರಿಕೆಗಳು ಮುಚ್ಚಿದವು. ಇವರು ಪದ ಜೋಡಿಸುತ್ತಲೇ ಇದ್ದರು.

1942ರಲ್ಲಿ ಉತ್ತರದ ಹಮ್ಹುಂಗ್ ಎಂಬ ಊರಿನ ಶಾಲಾ ಹುಡುಗಿಯೊಬ್ಬಳ ದಿನಚರಿಯ ಜಾಡು ಹಿಡಿದು ಪೊಲೀಸರು ನಿಘಂಟಿನವರ ಬಾಗಿಲಿಗೆ ಬಂದರು. ಒಟ್ಟು 33 ಜನರ ಮೇಲೆ ಮೊಕದ್ದಮೆ. ನಿಘಂಟು ಮಾಡುವುದು ರಾಜ್ಯದ ವಿರುದ್ಧದ ಸಂಚು ಎಂದು ಆರೋಪ. ಅವರಲ್ಲಿ ಲೀ ಯುನ್‌ಜೇ 1943ರ ಡಿಸೆಂಬರಿನಲ್ಲಿ, ಹಾನ್ ಜಿಂಗ್ 1944ರ ಫೆಬ್ರವರಿಯಲ್ಲಿ ಸೆರೆಮನೆಯಲ್ಲೇ ತೀರಿಕೊಂಡರು. ಪದಗಳಿಗೆ ಅರ್ಥ ಬರೆದದ್ದಕ್ಕೆ ಇಬ್ಬರು ಪ್ರಾಣ ಕೊಟ್ಟರು ಎಂಬುದನ್ನು ಎಷ್ಟು ಸಲ ಓದಿದರೂ ನನಗೆ ಗಂಟಲು ಕಟ್ಟುತ್ತದೆ.

ಸಾಕ್ಷಿಯೆಂದು ಹೊತ್ತೊಯ್ದ ಹಸ್ತಪ್ರತಿ ಏನಾಯಿತೋ ತಿಳಿಯದೆ, ಸೆರೆಯಿಂದ ಹೊರಬಂದವರು ಹುಡುಕಾಡಿದರು. ಸ್ವಾತಂತ್ರ್ಯ ಬಂದು ಮೂರೂವರೆ ವಾರವಾಗಿತ್ತು. 1945ರ ಸೆಪ್ಟೆಂಬರ್ 8ರಂದು ರಾಜಧಾನಿ ಸೋಲ್ ನಗರದ ರೈಲು ನಿಲ್ದಾಣದ ಸರಕಿನ ಗೋದಾಮಿನಲ್ಲಿ ಕಾಗದದ ಕಟ್ಟುಗಳು ಸಿಕ್ಕವು. ಸುಮಾರು 26,500 ಹಾಳೆಗಳು! ಮೇಲ್ಮನವಿಗೆಂದು ಹಮ್ಹುಂಗಿನಿಂದ ಕಳಿಸಿದ್ದು ಅಲ್ಲೇ ಬಿದ್ದಿತ್ತು. ಮೊದಲ ಸಂಪುಟ 1947ರಲ್ಲಿ ಬಂತು. ನಡುವೆ ಕೊರಿಯಾ ಯುದ್ಧ. ಆರನೆಯದೂ ಕೊನೆಯದೂ ಆದ ಸಂಪುಟ 1957ರಲ್ಲಿ. ಅಷ್ಟರೊಳಗೆ ದೇಶ ಎರಡಾಗಿತ್ತು. ನಿಘಂಟಿನ ಕೆಲಸಕ್ಕಾಗಿ ಒಟ್ಟಿಗೆ ಜೈಲಿನಲ್ಲಿದ್ದವರಲ್ಲಿ ಲೀ ಗುಕ್‌ರೊ ಉತ್ತರದಲ್ಲಿ ಉಳಿದರು, ಚ್ವೆ ಹ್ಯೊನ್‌ಬೇ ದಕ್ಷಿಣದಲ್ಲಿ. ಇಬ್ಬರೂ ಅದೇ ಭಾಷೆಯ ಕೆಲಸ ಮುಂದುವರಿಸಿದರು.

ಈಗಿನ ಕೊರಿಯಾದಲ್ಲಿ ಎಲ್ಲ ಸರಿಯಿದೆ ಎಂದೂ ತಿಳಿಯಬೇಡಿ. ಇಂಗ್ಲಿಷಿನಲ್ಲೇ ನಡೆಯುವ ಶಿಶುವಿಹಾರಕ್ಕೆ ಹಣ ಸುರಿಯುವ ತಂದೆತಾಯಿಗಳು ಸೋಲ್ ನಗರದಲ್ಲೂ ಇದ್ದಾರೆ. ಅಕ್ಟೋಬರ್ 9ರ ಹಂಗುಲ್ ದಿನದ ರಜೆಯನ್ನು, ರಜೆಗಳು ಹೆಚ್ಚಾದವೆಂದು 1991ರಲ್ಲಿ ತೆಗೆದರು. ಭಾಷೆಯ ಸಂಘಗಳು ಬೆನ್ನುಬಿಡದೆ ಕೇಳಿದ ಮೇಲೆ 2013ರಿಂದ ಮತ್ತೆ ಬಂತು.

ಆದ್ದರಿಂದ ದೊರೆಯ ವಿಷಯ ಅಲ್ಲಿಗೆ ಬಿಡೋಣ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಕೊನೆಯ ಸಾಲು. ಸೋಗೆ, ದಬ್ಬೆ, ಗೊರಬು ಇಂಥ ಮಾತು ನಿಮ್ಮೂರಿನ ಮಕ್ಕಳಿಗೆ ಈಗ ಗೊತ್ತಿಲ್ಲ ಎಂದು ಬರೆದಿದ್ದೀರಿ. ಆ ನೋಟ್‌ಬುಕ್ಕು ನಮಗೆ ಬೇಕು. ಸಂಚಿಕೆಗೆ ಎರಡು ಪುಟದಂತೆ ಅಚ್ಚು ಹಾಕುತ್ತೇವೆ, ಬೇರೆ ಊರಿನವರು ತಮ್ಮ ಮಾತು ಸೇರಿಸಲಿ. ಒಂದೊಂದು ಪದದ ಮುಂದೆಯೂ ಯಾವ ಊರಿನಲ್ಲಿ, ಯಾರ ಬಾಯಲ್ಲಿ ಕೇಳಿದಿರಿ, ಯಾವ ಕೆಲಸ ಮಾಡುವಾಗ ಹೇಳಿದರು ಎಂದು ಬರೆಯಿರಿ. ಮೊಮ್ಮಗಳ ಕೈಬರಹ ಚೆನ್ನಾಗಿದ್ದರೆ ಅವಳಿಂದಲೇ ಬರೆಸಿ. ಅಂಚೆಗೆ ಹಾಕುವ ಮುಂಚೆ ಮಾತ್ರ ಪೂರ್ತಿ ಜೆರಾಕ್ಸ್ ಮಾಡಿಸಿ, ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ.

– ಸಂಪಾದಕ