ತಮ್ಮನ ಸಿಟ್ಟು ಕೃತಘ್ನತೆಯಲ್ಲ

ಸೋದರಿ, ಎರಡೂ ಕಾಲುಗಳ ಬಲ ಕಳೆದುಕೊಂಡಿರುವ ತಮ್ಮನ ಬಗ್ಗೆ ಬರೆದಿದ್ದೀರಿ. ಹಳ್ಳಿಯವರು ಅವನನ್ನು ಎಲ್ಲ ಸಮಾರಂಭಗಳಿಗೂ ಎತ್ತಿಕೊಂಡು ಹೋಗುತ್ತಿದ್ದರು. ಈಗ ಅವನು ಯಾರು ಕರೆದರೂ ಬರುವುದಿಲ್ಲ, ಎತ್ತಲು ಬಂದವರ ಮೇಲೆ ರೇಗುತ್ತಾನೆ. ‘ಇಷ್ಟು ಪ್ರೀತಿಸುವ ಜನರ ಜತೆ ಹೀಗೆ ನಡೆದುಕೊಳ್ಳಬಹುದೇ? ಅವನಿಂದ ಕ್ಷಮೆ ಕೇಳಿಸಲೇ?’ ಎಂಬುದು ನಿಮ್ಮ ಪ್ರಶ್ನೆ.

ಬೇಡ, ಖಂಡಿತ ಕೇಳಿಸಬೇಡಿ.

ಆ ಜನರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಎತ್ತಿಸಿಕೊಂಡು ಹೋಗುವವನ ಪಾಡನ್ನು ಯೋಚಿಸಿ. ಹೊರಡುವ ಹೊತ್ತು ಅವನದಲ್ಲ, ಕೂರುವ ಜಾಗ ಅವನದಲ್ಲ, ಸಾಕೆನಿಸಿದಾಗ ಎದ್ದು ಬರುವಂತೆಯೂ ಇಲ್ಲ. ಮೂತ್ರಕ್ಕೆ ಹೋಗಬೇಕಾದರೂ ನಾಲ್ಕು ಜನರೆದುರು ಯಾರನ್ನಾದರೂ ಕರೆಯಬೇಕು. ಆ ಸಂಕೋಚಕ್ಕೆ ಬೆಳಗಿನಿಂದ ನೀರೇ ಕುಡಿಯದೆ ಹೊರಡುವವರಿದ್ದಾರೆ. ನೆಂಟರೊಬ್ಬರು ತಮ್ಮನ ಎದುರಿಗೇ ‘ಇವನಿಗೆ ನಿದ್ದೆ ಚೆನ್ನಾಗಿ ಬರುತ್ತದೆಯೇ’ ಎಂದು ನಿಮ್ಮನ್ನು ಕೇಳಿದ್ದಾಗಿ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಸಾಲು. ಸೋತಿರುವುದು ಕಾಲು, ಮಾತಲ್ಲವಲ್ಲ! ಮುಂದೆ ಯಾರಾದರೂ ಹಾಗೆ ಕೇಳಿದರೆ ನೀವು ಉತ್ತರ ಕೊಡಬೇಡಿ, ಅವನೇ ಹೇಳಲಿ.

ಅಂಗವೈಕಲ್ಯವನ್ನು ಪಾಪದ ಫಲವೆಂದು ಹಳಿಯುವ ಕ್ರೌರ್ಯ ಯಾರಿಗಾದರೂ ಕಾಣುತ್ತದೆ. ‘ಅಯ್ಯೋ ಪಾಪ’ ಎನ್ನುತ್ತಲೇ ಅವರ ಪರವಾಗಿ ಎಲ್ಲವನ್ನೂ ತೀರ್ಮಾನಿಸಿಬಿಡುವುದು ಕಾಣುವುದಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಹಳ್ಳಿಯಲ್ಲಂತೂ ‘ನನ್ನನ್ನು ಎತ್ತಬೇಡಿ’ ಎಂಬ ಒಂದು ಮಾತು ಸಂಜೆಯೊಳಗೆ ಊರು ಸುತ್ತಿ, ‘ಅವನಿಗೆ ಅಹಂಕಾರ’ ಎಂದಾಗಿ ಮನೆಗೆ ಮರಳುತ್ತದೆ.

ಅಂಗವಿಕಲರ ಹಕ್ಕುಗಳ ಕುರಿತು ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಯನ್ನು ನೋಡಿ. ಅವರ ಓಡಾಟ ಅವರೇ ಆರಿಸಿಕೊಂಡ ರೀತಿಯಲ್ಲಿ, ಅವರೇ ಆರಿಸಿಕೊಂಡ ಹೊತ್ತಿನಲ್ಲಿ ಸಾಧ್ಯವಾಗಬೇಕು ಎನ್ನುತ್ತದೆ ಅದರ 20ನೇ ವಿಧಿ. ಕಟ್ಟಡ, ರಸ್ತೆ, ಸಾರಿಗೆ ಅವರಿಗೆ ಎಟಕುವಂತಿರಬೇಕೆನ್ನುವ 9ನೇ ವಿಧಿ ನಗರದ ಜತೆ ಗ್ರಾಮೀಣ ಪ್ರದೇಶವನ್ನೂ ಹೆಸರಿಸಿದೆ. ನಿಮ್ಮ ತಮ್ಮ ಸಿಟ್ಟಿನಲ್ಲಿ ಕೇಳುತ್ತಿರುವುದು ಇದನ್ನೇ.

ಎತ್ತುವ ತೋಳುಗಳಿಗೆ ಬೇರೆ ಕೆಲಸ ಕೊಡಿ. ಜನ ಸೇರುವ ಕಟ್ಟಡದ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಲಿ. ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು. ಅದಕ್ಕಿಂತ ಕಡಿದಾದರೆ ಹೆಚ್ಚಿನವರಿಗೆ ತಾವಾಗಿಯೇ ಗಾಲಿಕುರ್ಚಿ ಹತ್ತಿಸುವುದು ಕಷ್ಟ, ಮತ್ತೆ ತಳ್ಳುವವರನ್ನೇ ಕಾಯಬೇಕು. ಆಸ್ಪತ್ರೆಗಳಲ್ಲಿ ಕಾಣುವ ಗಾಲಿಕುರ್ಚಿಯ ಸಣ್ಣ ಮುಂಗಾಲಿಗಳು ಹಸಿ ಮಣ್ಣಿನಲ್ಲಿ ಹೂತುಕೊಳ್ಳುತ್ತವೆ. ದೊಡ್ಡ ಗಾಲಿಗಳ, ಕೈಯಿಂದ ನಡೆಸುವ ತ್ರಿಚಕ್ರ ಬಂಡಿ ಅಂಥ ದಾರಿಗೆ ವಾಸಿ; ಯಾವುದಾದರೂ ಅವನೇ ಕೂತು ನೋಡಿ ಆರಿಸಲಿ. ಇಳಿಜಾರಿನ ಕೆಲಸ ಯಾವ ಕಟ್ಟಡದಿಂದ ಶುರುವಾಗಬೇಕೆಂದು ಕೂಡ ಅವನನ್ನೇ ಕೇಳಿ. ನಿಮಗಾಗಲಿ ಊರಿನವರಿಗಾಗಲಿ ಹೊಳೆಯದ ಜಾಗವನ್ನು ಅವನು ಹೇಳಬಹುದು.