ಎಷ್ಟು ಮಕ್ಕಳು ಎಂದಲ್ಲ, ಎಷ್ಟು ವರ್ಷ ಎಂದು ಕೇಳೋಣ

ಮಾನ್ಯ ಮೇಷ್ಟರೆ,

ಸಾಗರ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದವರು ನೀವು. ಬಡಮಕ್ಕಳ ನಡುವೆ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳ ಕುರಿತು ನಾವು ಪ್ರಕಟಿಸಿದ ಲೇಖನ ಓದಿ ನೀವು ಬರೆದ ಪತ್ರ ತಲುಪಿದೆ. "ಸಂಸ್ಥೆಯವರು ಬರುತ್ತಾರೆ, ಬ್ಯಾಗು ಹಂಚುತ್ತಾರೆ, ಫೋಟೊ ಹೊಡೆಸಿಕೊಳ್ಳುತ್ತಾರೆ, ಮರುವರ್ಷ ಪತ್ತೆ ಇರುವುದಿಲ್ಲ. ಇದರಿಂದ ಯಾವ ಮಗುವಿನ ಬದುಕು ನೆಟ್ಟಗಾಗಿದೆ? ಆ ದುಡ್ಡನ್ನು ಸರ್ಕಾರಿ ಶಾಲೆಗೇ ಕೊಡಬಾರದೆ?" ಎಂದು ಕೇಳಿದ್ದೀರಿ. ನಾಲ್ಕು ಸಾಲಿನಲ್ಲಿ ಮುಗಿಸುವ ಪ್ರಶ್ನೆ ಇದಲ್ಲ, ಉತ್ತರ ಉದ್ದವಾದರೆ ಬೇಸರಿಸಬೇಡಿ.

ಬ್ಯಾಗಿನ ವಿಷಯದಲ್ಲಿ ನಿಮ್ಮ ಮಾತನ್ನು ನಾನೂ ಒಪ್ಪುತ್ತೇನೆ. ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ, 2013ರಿಂದ ಹಾಲು, ಇವೆಲ್ಲ ಸರ್ಕಾರಿ ಶಾಲೆಯಲ್ಲಿ ಸಿಗುತ್ತವೆ. ನಮ್ಮ ಮಲೆನಾಡಿನ ಮಗುವಿಗೆ ಕಡಿಮೆ ಬಿದ್ದಿರುವುದು ವಸ್ತುವಲ್ಲ. ಶಾಲೆಯ ಗಂಟೆ ಹೊಡೆದ ಮೇಲೆ, ಜುಲೈ ಮಳೆಗೆ ರಜೆ ಕೊಟ್ಟ ದಿನಗಳಲ್ಲಿ, ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಅದರ ಮೇಲೆ ಕಣ್ಣಿಟ್ಟಿರುವ ಒಬ್ಬ ದೊಡ್ಡವರು ಬೇಕು. ಅಪ್ಪ ಇಲ್ಲದ, ಅಪ್ಪ ಕುಡಿದು ಬೀಳುವ, ಅಮ್ಮ ದಿನವಿಡೀ ಕೂಲಿಗೆ ಹೋಗುವ ಮನೆಗಳಲ್ಲಿ ಕೊರತೆ ಇರುವುದು ಅಲ್ಲಿ.

ತೀರ್ಥಹಳ್ಳಿ ಕಡೆಯ ಒಂದು ಊರಿನಲ್ಲಿ ಸಂಜೆ ಪಾಠ ನಡೆಸುವ ಹುಡುಗಿಯ ಹಾಜರಿ ಪುಸ್ತಕವನ್ನು ನಾನು ನೋಡಿದ್ದೇನೆ. ಆಕೆ ಅದೇ ಊರಿನವಳು, ಪಿಯುಸಿ ಓದಿದವಳು. ಸಣ್ಣ ಸಂಸ್ಥೆಯೊಂದು ಗೌರವಧನ ಕೊಡುತ್ತದೆ. ಬಾರದ ಮಕ್ಕಳ ಹೆಸರಿನ ಮುಂದೆ ಬರೀ ಗೈರುಹಾಜರಿ ಹಾಕಿ ಆಕೆ ಸುಮ್ಮನಾಗುವುದಿಲ್ಲ, ಕಾರಣ ಬರೆಯುತ್ತಾಳೆ. "ತಮ್ಮನಿಗೆ ಜ್ವರ, ಮನೇಲಿ ಯಾರೂ ಇಲ್ಲ." "ಹಳ್ಳ ತುಂಬಿದೆ, ಸಂಕ ದಾಟಲು ಆಗಲ್ಲ." ಡಿಸೆಂಬರಿನ ಪುಟಗಳ ತುಂಬ ಒಂದೇ ಕಾರಣ: "ಅಮ್ಮನ ಜೊತೆ ಸುಲಿಯಲು ಹೋಗಿದ್ದಾನೆ." ಅಂಥ ದಿನ ಆಕೆ ಅಡಿಕೆ ಸುಲಿಯುವ ಮನೆಯ ಅಂಗಳಕ್ಕೇ ಹೋಗುತ್ತಾಳೆ. ಮೆಟ್ಟುಗತ್ತಿಯ ಮುಂದೆ ಕೂತ ತಾಯಿಯ ಹತ್ತಿರ ಮಾತಾಡಿ ಒಂದು ಗಂಟೆಯ ಮಟ್ಟಿಗೆ ಹುಡುಗನನ್ನು ಬಿಡಿಸಿಕೊಂಡು ಬರುತ್ತಾಳೆ. ಹಸಿ ಅಡಿಕೆಯ ಚೊಗರಿನಿಂದ ಅವನ ಬೆರಳುಗಳು ಕಪ್ಪಾಗಿದ್ದವು, ನೋಟ್‌ಬುಕ್ಕಿನ ಅಂಚಿಗೂ ಕಲೆ ಹತ್ತಿತ್ತು. ಅಮ್ಮ ಎಷ್ಟು ಡಬ್ಬ ಸುಲಿದಳು, ಎಷ್ಟು ಕೂಲಿ ಬರಬೇಕು ಎಂಬುದೇ ಅವನಿಗೆ ಅವತ್ತಿನ ಗುಣಾಕಾರ. ಆಕೆ ಅವನ ಜೊತೆ ನಾಲ್ಕನೇ ತರಗತಿಯಿಂದಲೂ ಇದ್ದಾಳೆ. ಈಗ ಅವನು ಎಂಟನೇ ತರಗತಿ.

ಇಂಥ ಕೆಲಸದಿಂದ ಫಲ ಉಂಟೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಮುಂಬೈ ಮತ್ತು ವಡೋದರಾದ ಸರ್ಕಾರಿ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆ 'ಬಾಲಸಖಿ' ಎಂಬ ಕಾರ್ಯಕ್ರಮ ನಡೆಸಿತು. ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಅದೇ ಬಡಾವಣೆಯ ಯುವತಿಯೊಬ್ಬಳು ಅಕ್ಷರ, ಲೆಕ್ಕ ಕಲಿಸುತ್ತಿದ್ದಳು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರ ತಂಡ, ಕಾರ್ಯಕ್ರಮ ಸಿಕ್ಕ ಶಾಲೆಗಳನ್ನೂ ಸಿಗದ ಶಾಲೆಗಳನ್ನೂ ಹೋಲಿಸಿತು. ಮಕ್ಕಳು ನಿಜಕ್ಕೂ ಕಲಿತಿದ್ದರು, ಅದರಲ್ಲೂ ತರಗತಿಯಲ್ಲಿ ತೀರಾ ಹಿಂದಿದ್ದವರು ಹೆಚ್ಚು ಕಲಿತಿದ್ದರು. ಆದರೆ ನೆರವು ನಿಂತು ಒಂದು ವರ್ಷ ಕಳೆದ ಮೇಲೆ ಪರೀಕ್ಷಿಸಿದಾಗ ಆ ಮುನ್ನಡೆಯಲ್ಲಿ ಬಹುಪಾಲು ಕರಗಿತ್ತು.

ಅಮೆರಿಕದಲ್ಲಿ ಹದಿಹರೆಯದವರಿಗೆ ಹಿರಿಯ ಸ್ನೇಹಿತರೊಬ್ಬರನ್ನು ಜೊತೆ ಮಾಡಿಕೊಡುವ ಕಾರ್ಯಕ್ರಮವನ್ನು ಅಧ್ಯಯನ ಮಾಡಿದವರು 2002ರಲ್ಲಿ ಇನ್ನೂ ಕಟುವಾದ ಸಂಗತಿಯನ್ನು ಹೇಳಿದರು. ವರ್ಷಕ್ಕಿಂತ ಹೆಚ್ಚು ಕಾಲ ಉಳಿದ ಜೋಡಿಗಳಲ್ಲಿ ಮಕ್ಕಳಿಗೆ ಒಳ್ಳೆಯದಾಗಿತ್ತು. ಮೂರು ತಿಂಗಳೊಳಗೆ ಆ ಹಿರಿಯರು ಬಿಟ್ಟುಹೋದಲ್ಲಿ ಮಕ್ಕಳಿಗೆ ತಮ್ಮ ಮೇಲಿದ್ದ ನಂಬಿಕೆಯೇ ಮೊದಲಿಗಿಂತ ಕುಸಿದಿತ್ತು. ಒಮ್ಮೆ ಅಪ್ಪನನ್ನು ಕಳೆದುಕೊಂಡ ಮಗುವಿಗೆ "ಅಕ್ಕ" ಎಂದು ಕರೆಯಲು ಒಬ್ಬರನ್ನು ಕೊಟ್ಟು, ಅನುದಾನ ಮುಗಿಯಿತೆಂದು ಮಾರ್ಚ್ ತಿಂಗಳಲ್ಲಿ ಅವರನ್ನೂ ಕಿತ್ತುಕೊಳ್ಳುವುದು ಕ್ರೌರ್ಯ. ಹಾಗಾಗಿ "ಮರುವರ್ಷ ಪತ್ತೆ ಇರುವುದಿಲ್ಲ" ಎಂಬ ನಿಮ್ಮ ಸಿಟ್ಟು ನ್ಯಾಯವಾದದ್ದು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವಿರಲಿ, ದಾನಿಗಳ ಹಣವಿರಲಿ, ಕೊಡುವವರು ಮೊದಲು ಕೇಳುವುದು "ಎಷ್ಟು ಮಕ್ಕಳನ್ನು ತಲುಪಿದಿರಿ?" ಎಂದು. ಎಷ್ಟು ವರ್ಷ ಅದೇ ಮನುಷ್ಯರು ಅದೇ ಮಕ್ಕಳ ಜೊತೆ ಇದ್ದರು ಎಂದು ಕೇಳುವವರು ಅಪರೂಪ.

ಇನ್ನು, ದುಡ್ಡನ್ನು ಸರ್ಕಾರಕ್ಕೇ ಕೊಡಿ ಎಂಬ ಮಾತು. ಸರ್ಕಾರದ ಹತ್ತಿರ ದುಡ್ಡಿದೆ, ಯೋಜನೆಯೂ ಇದೆ. ಮಕ್ಕಳ ರಕ್ಷಣೆಗೆಂದು ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ, ಗಂಡ ತೀರಿಕೊಂಡ ಬಡ ತಾಯಿ ಮಗುವನ್ನು ಮನೆಯಲ್ಲೇ ಇಟ್ಟುಕೊಂಡು ಸಾಕಲು ತಿಂಗಳಿಗೆ 4,000 ರೂಪಾಯಿ ಪಡೆಯಬಹುದು. ಇದು ಸಣ್ಣ ಸಂಗತಿಯಲ್ಲ. ರೊಮೇನಿಯಾದ ಅನಾಥಾಲಯಗಳ 136 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಸಾಕು ಕುಟುಂಬಗಳಿಗೆ ಹೋದವರು ಬುದ್ಧಿಯಲ್ಲೂ ಭಾವನೆಯಲ್ಲೂ ಅಲ್ಲೇ ಉಳಿದವರಿಗಿಂತ ಚೆನ್ನಾಗಿ ಬೆಳೆದದ್ದು ಕಂಡುಬಂತು. ಮಗು ಮನೆಯಲ್ಲಿರಬೇಕು. ಆದರೆ ಹೊಸನಗರದ ಒಳಹಳ್ಳಿಯ ತಾಯಿ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಹೊಂದಿಸಿಕೊಂಡು ಶಿವಮೊಗ್ಗದ ಮಕ್ಕಳ ರಕ್ಷಣಾ ಘಟಕದವರೆಗೆ ಬರಬೇಕಾದರೆ ಒಂದು ದಿನದ ಕೂಲಿ ಹೋಗುತ್ತದೆ, ಒಂದು ಕಾಗದ ಕಡಿಮೆ ಬಿದ್ದರೆ ಇನ್ನೊಂದು ದಿನದ್ದೂ ಹೋಗುತ್ತದೆ. ಜೊತೆಗೆ ಬಸ್ಸು ಹತ್ತಿ ಬಂದು, ಅರ್ಜಿ ತುಂಬಿಸಿ, ಹಣ ಖಾತೆಗೆ ಬೀಳುವವರೆಗೆ ಬೆನ್ನು ಬಿಡದ ಕಾರ್ಯಕರ್ತೆ ಮಾಡುವ ಕೆಲಸಕ್ಕೆ ಫೋಟೊ ಬರುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಉಪಕಾರ ಅದೇ.

ಸಂಸ್ಥೆಗಳು ಹುಟ್ಟುಹಾಕಿದ್ದನ್ನು ಸರ್ಕಾರ ತನ್ನದಾಗಿಸಿಕೊಂಡದ್ದೂ ಉಂಟು. ಕಷ್ಟದಲ್ಲಿರುವ ಮಗುವಿಗೆಂದು ಇರುವ 1098 ಸಹಾಯವಾಣಿ 1996ರಲ್ಲಿ ಮುಂಬೈಯಲ್ಲಿ ಒಂದು ಪ್ರಯೋಗವಾಗಿ ಶುರುವಾಯಿತು, 2023ರಿಂದ ಸರ್ಕಾರವೇ ನಡೆಸುತ್ತಿದೆ. ನಮ್ಮ ಘಟ್ಟದ ಕೆಳಗೆ, ಕುಂದಾಪುರದ ಸುತ್ತ, ದುಡಿಯುವ ಮಕ್ಕಳನ್ನು ಸಂಘಟಿಸಿದವರು ತೊಂಬತ್ತರ ದಶಕದಲ್ಲಿ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿದರು. ಇವತ್ತು ರಾಜ್ಯದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು.

ಆ ಸಭೆಗೆ ನೀವು ಹೋಗಿ ಮೇಷ್ಟರೆ. ನಿಮ್ಮ ಹಳೆಯ ವಿದ್ಯಾರ್ಥಿಗಳೇ ಈಗ ಪಂಚಾಯಿತಿ ಸದಸ್ಯರಿರುತ್ತಾರೆ, ನಿಮ್ಮ ಮಾತು ತೆಗೆದುಹಾಕುವುದಿಲ್ಲ. ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಸೇರದ ಮಕ್ಕಳು ಊರಿನಲ್ಲಿ ಎಷ್ಟಿದ್ದಾರೆ, ಅಪ್ಪ ಇಲ್ಲದ ಮಕ್ಕಳಲ್ಲಿ ಎಷ್ಟು ಮಂದಿಗೆ ಪ್ರಾಯೋಜಕತ್ವದ ಹಣ ಬರುತ್ತಿದೆ ಎಂದು ಕೇಳಿ. ಊರಿಗೆ ಬಂದ ಸಂಸ್ಥೆಯವರಿದ್ದರೆ, ಮುಂದಿನ ಮೂರು ವರ್ಷ ಯಾರು ಇರುತ್ತಾರೆಂದು ಅವರ ಬಾಯಲ್ಲೇ ಹೇಳಿಸಿ. ಬಂದ ಉತ್ತರಗಳನ್ನು ಬರೆದು ಕಳಿಸಿದರೆ ಇದೇ ಅಂಕಣದಲ್ಲಿ ಪೂರ್ತಿಯಾಗಿ ಅಚ್ಚು ಹಾಕುತ್ತೇವೆ.

– ಸಂಪಾದಕ