ಹುಣಸೆಹಣ್ಣು ಹಿತ್ತಾಳೆಗೆ ಸರಿ, ಕಾರ್ಬ್ಯುರೇಟರಿಗಲ್ಲ

ಹಳೆ ಕಾರು: ಓದುಗರ ಪ್ರಶ್ನೆ, ಉತ್ತರ

ಪ್ರಶ್ನೆ: ಪ್ರೀಮಿಯರ್ ಪದ್ಮಿನಿ ಐದು ವರ್ಷದಿಂದ ಕೊಟ್ಟಿಗೆ ಪಕ್ಕ ನಿಂತಿದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿದರೆ ಒಳಗೆಲ್ಲ ಸುಣ್ಣದಂಥ ಬಿಳಿ ಪುಡಿ. ದೇವರ ದೀಪ ತೊಳೆಯುವ ಹಾಗೆ ಹುಣಸೆನೀರಿನಲ್ಲಿ ಒಂದು ರಾತ್ರಿ ನೆನೆಸಿಟ್ಟೆ. ಪೆಟ್ರೋಲು ಬಿಡುವ ಸಣ್ಣ ತೂತಿನ ಜೆಟ್‌ಗಳು ಫಳಫಳ ಹೊಳೆಯುತ್ತಿವೆ, ಕಾರ್ಬ್ಯುರೇಟರ್ ಬಾಡಿ ಮಾತ್ರ ಕಪ್ಪಾಗಿ ತರಿತರಿಯಾಗಿದೆ. ಇನ್ನು ಉಪಯೋಗಕ್ಕೆ ಬಂದೀತೇ? (ಶಿರಸಿ)

ಉತ್ತರ: ಬಹುಶಃ ಬಂದೀತು. ಇನ್ನೊಂದು ರಾತ್ರಿ ಮಾತ್ರ ನೆನೆಸಬೇಡಿ. ಜೆಟ್ ಹಿತ್ತಾಳೆಯದು, ಅದರ ಕಿಲುಬನ್ನು ಹುಳಿ ಬಿಡಿಸುತ್ತದೆ. ಬಾಡಿ ಸತುವಿನ ಎರಕ. ಸತುವಿಗೆ ಹುಳಿಯೂ ಆಗದು, ಕ್ಷಾರವೂ ಆಗದು. ಹುಣಸೆ, ಮುರುಗಲು, ವಿನೆಗರ್, ಕಾಸ್ಟಿಕ್ ಸೋಡಾ ಎಲ್ಲವೂ ಬಿಳಿ ಪುಡಿಯ ಜೊತೆಗೆ ಲೋಹವನ್ನೂ ತಿನ್ನುತ್ತವೆ.

ಈಗ ಬಾಡಿಯನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸಿ. ಉಳಿದ ಪುಡಿಯನ್ನು ಸೀಮೆಎಣ್ಣೆ ಅಥವಾ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹಾಕಿ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ. ಒಳದಾರಿಗಳಿಗೆಲ್ಲ ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ. ಜೆಟ್‌ನ ತೂತಿಗೆ ಸೂಜಿ, ತಂತಿ ಹಾಕಲೇಬೇಡಿ. ಸೋಲೆಕ್ಸ್ ಕಂಪನಿಯ ಜೆಟ್ ಮೇಲಿನ ಅಂಕಿ ತೂತಿನ ಅಳತೆ: 110 ಎಂದಿದ್ದರೆ 1.10 ಮಿ.ಮೀ. ತಂತಿ ಆಡಿಸಿ ಅದು 1.20 ಆಯಿತೆನ್ನಿ, ತೂತಿನ ವಿಸ್ತಾರ ಶೇ 19ರಷ್ಟು ಹೆಚ್ಚಿತು. ಆಮೇಲೆ ಪೆಟ್ರೋಲು ಹೆಚ್ಚು ಹರಿದು ಕಪ್ಪು ಹೊಗೆ ಬರುತ್ತದೆ; ತಪ್ಪು ಕಿಡಿಯದೆಂದುಕೊಂಡು ಪಾಯಿಂಟು, ಪ್ಲಗ್ಗು ಬದಲಿಸುತ್ತ ಕೂರಬೇಕು.

ಇಂಜಿನ್ ಮೇಲೆ ಕೂರುವ ಚಪ್ಪಟೆ ಅಂಚನ್ನು (ಫ್ಲೇಂಜ್) ದಪ್ಪ ಗಾಜಿನ ಮೇಲಿಟ್ಟು ನೋಡಿ. 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಅಡಿಯಲ್ಲಿ ನುಸುಳಿದರೆ ಫ್ಲೇಂಜ್ ಬಾಗಿದೆ. ಯಾರೋ ನಟ್ಟನ್ನು ಸಿಕ್ಕಾಪಟ್ಟೆ ಬಿಗಿದಿದ್ದಾರೆ. ಅದೇ ಗಾಜಿನ ಮೇಲೆ 400ರ ನೀರು ಎಮರಿ ಹಾಳೆ ಹಾಸಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಿ. ತರಿ ಬಿದ್ದಿರುವುದು ಬೌಲಿನ (ಪೆಟ್ರೋಲು ನಿಲ್ಲುವ ಬಟ್ಟಲಿನ) ಒಳಗೋಡೆಗೆ ಮಾತ್ರವಾದರೆ ಚಿಂತೆಯಿಲ್ಲ. ಥ್ರಾಟಲ್ ಸ್ಪಿಂಡಲ್ (ಆಕ್ಸಿಲರೇಟರ್ ತುಳಿದಾಗ ತಿರುಗುವ ಕಡ್ಡಿ) ಅಲುಗಾಡುತ್ತಿದ್ದರೆ ಅಥವಾ ಜೆಟ್ ಕೂರುವ ಜಾಗ ಸವೆದಿದ್ದರೆ ಬೇರೆ ಬಾಡಿ ಹುಡುಕುವುದೇ ಲೇಸು.

ಮಳೆಗಾಲದಲ್ಲಿ ಏನನ್ನಾದರೂ ಒಣಗಿಸಬೇಕೆಂದರೆ ನಿಮ್ಮ ಕಡೆ ಬಚ್ಚಲ ಒಲೆ ನೆನಪಾಗುವುದು ಸಹಜ. ಪೆಟ್ರೋಲು, ಸ್ಪ್ರೇ ತಾಗಿದ ಭಾಗವನ್ನು ಅದರ ಹತ್ತಿರಕ್ಕೂ ಒಯ್ಯಬೇಡಿ. ಇನ್ನು ಆ ಪುಡಿಯ ಮೂಲ: ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರಿ, ನೀರು ಬೌಲಿನ ತಳಕ್ಕಿಳಿದು ಸತುವನ್ನು ಕೊರೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ತೆಗೆಯುವುದಿಲ್ಲವೆಂದಾದರೆ ಬೌಲು ಖಾಲಿ ಮಾಡಿಡಿ.

ಪ್ರಶ್ನೆ: ಅಂಬಾಸಿಡರ್‌ನ ಬ್ರೇಕ್ ಡ್ರಮ್, ಬ್ರಾಕೆಟ್‌ಗಳಿಗೆ ಗ್ರೈಂಡರಿನ ತಂತಿಬ್ರಷ್ ಹಿಡಿದು ಬೆಳ್ಳಗೆ ಮಾಡಿದೆ. ಮೂರನೇ ದಿನಕ್ಕೆ ಮತ್ತೆ ಕೆಂಪು. (ಅಂಕೋಲಾ)

ಉತ್ತರ: ನೀವು ತೆಗೆದದ್ದು ತುಕ್ಕನ್ನು, ಉಪ್ಪನ್ನಲ್ಲ. ಕಡಲಗಾಳಿಯ ಉಪ್ಪು ತುಕ್ಕಿನ ಗುಳಿಗಳ ಬುಡದಲ್ಲಿ ಕೂತಿರುತ್ತದೆ. ತಂತಿಬ್ರಷ್ ಅದರ ಮೇಲೆ ಲೋಹವನ್ನು ಸವರಿ ಮುಚ್ಚುತ್ತದೆ ಅಷ್ಟೆ. ಉಪ್ಪು ತೇವ ಎಳೆಯುತ್ತದೆ, ತುಕ್ಕು ಒಳಗಿಂದಲೇ ಏಳುತ್ತದೆ. ಅದರ ಮೇಲೆ ಪೇಂಟ್ ಹೊಡೆದರೂ ಇದೇ ಕತೆ.

ಕಬ್ಬಿಣಕ್ಕೆ ಕರೆಂಟಿನ ತೊಟ್ಟಿ ಒಳ್ಳೆಯದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಕರಗಿಸಿ. ಕಡಲಂಚಿನ ಬಾವಿನೀರು ಉಪ್ಪಾಗಿದ್ದರೆ ಮಳೆನೀರು ಬಳಸಿ. 12 ವೋಲ್ಟ್ ಚಾರ್ಜರಿನ ನೆಗೆಟಿವ್ ನಿಮ್ಮ ಭಾಗಕ್ಕೆ, ಪಾಸಿಟಿವ್ ಒಂದು ಹಳೆ ಕಬ್ಬಿಣದ ಸರಳಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಅದಲುಬದಲಾದರೆ ಸರಳು ಉಳಿದು ಡ್ರಮ್ ಕರಗುತ್ತದೆ! ಸ್ಟೀಲ್ ಚಮಚ, ತಟ್ಟೆಯನ್ನು ಸರಳಿನ ಬದಲು ಇಳಿಬಿಡಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಬರುತ್ತದೆ. ಬೇಗ ಆಗಲಿ ಎಂದು ಅಡುಗೆ ಉಪ್ಪು ಹಾಕುವವರಿದ್ದಾರೆ, ಕ್ಲೋರಿನ್ ಏಳುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಹಾಗಾಗಿ ಬಯಲಿನಲ್ಲೇ ಇಡಿ, ಬೀಡಿ ಹಚ್ಚಬೇಡಿ. 12ರಿಂದ 24 ಗಂಟೆ ಸಾಕು. ಸರಳಿಗೆ ಎದುರಾದ ಮುಖವೇ ಮೊದಲು ಬಿಡುವುದರಿಂದ ನಡುವೆ ಒಮ್ಮೆ ತಿರುಗಿಸಿ. ಸ್ಪ್ರಿಂಗ್, ಹೈಟೆನ್ಸೈಲ್ (ಹೆಚ್ಚು ಎಳೆತ ತಾಳುವ ಗಟ್ಟಿ ಉಕ್ಕಿನ) ಬೋಲ್ಟು ಹಾಕಬೇಡಿ: ಹೈಡ್ರೋಜನ್ ಒಳಸೇರಿ ಅವು ಪೆಡಸಾಗಿ ಮುರಿಯುತ್ತವೆ. ಅಲ್ಯೂಮಿನಿಯಂ ಅಂತೂ ಸೋಡಾದಲ್ಲಿ ಹಾಳಾಗುತ್ತದೆ. ಮ್ಯಾಗ್ನೆಟ್ ಹಿಡಿದು ನೋಡಿ, ಅಂಟದ್ದನ್ನು ಹೊರಗಿಡಿ.

ತೆಗೆದ ಮೇಲೆ ಬಿಸಿ ಸಿಹಿನೀರಿನಲ್ಲಿ ಎರಡು ಸಲ ತೊಳೆದು, ಒರೆಸಿ, ಬಿಸಿ ಆರುವ ಮುನ್ನ ಬ್ರಾಕೆಟ್‌ಗೆ ಪ್ರೈಮರ್ ಅಥವಾ ಎಣ್ಣೆ. ಡ್ರಮ್ಮಿನ ಒಳಮೈಗೆ ಮಾತ್ರ ಎರಡೂ ತಾಗಬಾರದು.

ಪ್ರಶ್ನೆ: ಸಮುದ್ರದ ಪಕ್ಕದ ಶೆಡ್‌ನಲ್ಲಿದ್ದ ಪೆಟ್ರೋಲ್ ಅಂಬಾಸಿಡರ್ ಇಂಜಿನ್ ಜಾಮ್ ಆಗಿದೆ. ಗೇರ್ ಹಾಕಿ ನಾಲ್ಕು ಜನ ತಳ್ಳೋಣವೇ? (ಕಾರವಾರ)

ಉತ್ತರ: ಬೇಡ. ಅಂಟಿದ ಪಿಸ್ಟನ್ ರಿಂಗು ಮುರಿಯುತ್ತದೆ, ಅಂಟಿದ ವಾಲ್ವಿದ್ದರೆ ಅದನ್ನು ತೆರೆಸುವ ಕಡ್ಡಿ (ಪುಶ್‌ರಾಡ್) ಬಾಗುತ್ತದೆ. ಇಂಜಿನ್ ಯಾವ ಭಂಗಿಯಲ್ಲಿ ನಿಂತರೂ ಯಾವುದಾದರೊಂದು ವಾಲ್ವ್ ತೆರೆದೇ ಇರುತ್ತದೆ. ತೇವ ಸೈಲೆನ್ಸರ್ ಮೂಲಕ ಆ ಸಿಲಿಂಡರಿಗೆ ಹೋಗಿ ತುಕ್ಕು ಹಿಡಿಸುತ್ತದೆ. ನಾಲ್ಕೂ ಪ್ಲಗ್ ತೆಗೆದು, ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್ ಎಣ್ಣೆಯನ್ನು ಸಮಸಮ ಕಲಸಿ, ಕುಲುಕಿದ ಕೂಡಲೇ ತೂತಿಗೆ 30 ಮಿ.ಲೀ.ನಂತೆ ಹಾಕಿ. ತೂತಿನ ಮೇಲೆ ಬಟ್ಟೆ ಮುಚ್ಚಿ, ಬೆಂಕಿ ದೂರವಿರಲಿ. ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಸೇರಿಸುತ್ತ ಒಂದು ವಾರ ಬಿಡಿ.

ಆಮೇಲೆ ನ್ಯೂಟ್ರಲ್‌ನಲ್ಲಿಟ್ಟು, ಟ್ಯಾಪೆಟ್ ಕವರ್ ತೆಗೆದು, ಇಂಜಿನ್ ತಿರುಗಿಸಲು ಮುಂದಿನಿಂದ ಸಿಕ್ಕಿಸುವ ಹ್ಯಾಂಡಲ್ಲನ್ನು ಕೈಬಲದಲ್ಲೇ ಸ್ವಲ್ಪ ಸ್ವಲ್ಪ ಅಲುಗಿಸಿ. ಪೈಪ್ ಸಿಕ್ಕಿಸಿ ಉದ್ದ ಮಾಡಬೇಡಿ. ಒಂದಿಂಚು ಕದಲಿದರೂ ಅರ್ಧ ಕೆಲಸ ಆಯಿತು. ತಿರುಗುವಾಗ ಎಂಟು ವಾಲ್ವೂ ಏಳುತ್ತಿಳಿಯುತ್ತಿವೆಯೇ ನೋಡಿ. ಪ್ಲಗ್ ಹಾಕುವ ಮೊದಲು ಒಳಗಿನ ದ್ರವವೆಲ್ಲ ಹೊರಬರಲಿ, ಸಂಪ್‌ಗೆ (ಇಂಜಿನ್ನಿನ ಅಡಿಯ ಎಣ್ಣೆ ತೊಟ್ಟಿಗೆ) ಇಳಿದದ್ದೂ ಸೇರಿ ಇಂಜಿನ್ ಎಣ್ಣೆ ಬದಲಾಗಲಿ. ಎರಡು ವಾರಕ್ಕೂ ಕದಲದಿದ್ದರೆ ಇಂಜಿನ್ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚಿಸಿ.

ಪ್ರಶ್ನೆ: ಬ್ರೇಕಿನ ವೀಲ್ ಸಿಲಿಂಡರನ್ನು ಸೀಮೆಎಣ್ಣೆಯಲ್ಲಿ ತೊಳೆದು ಜೋಡಿಸಿದೆ. ಈಗ ಬ್ರೇಕ್ ಬಿಡುತ್ತಲೇ ಇಲ್ಲ. (ಕುಮಟಾ)

ಉತ್ತರ: ಸೀಮೆಎಣ್ಣೆಗೆ ಸಿಲಿಂಡರ್ ಒಳಗಿನ ರಬ್ಬರ್ ಕಪ್ ಉಬ್ಬಿದೆ. ಕಾರು ಓಡಿಸಬೇಡಿ. ಕಪ್‌ಗಳೆಲ್ಲ ಹೊಸದು ಹಾಕಿ, ಲೈನು, ಸಿಲಿಂಡರನ್ನು ಬ್ರೇಕ್ ಆಯಿಲ್‌ನಲ್ಲೇ ತೊಳೆಯಿರಿ. ಒಳಗೋಡೆಯ ಗುಳಿ ಉಗುರಿಗೆ ಸಿಗುವಂತಿದ್ದರೆ ಹೋನ್ ಮಾಡಿ (ಉಜ್ಜಿ ನಯಗೊಳಿಸಿ) ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಿ.